ಸವತಿಯ ಹೆಸರಿನ ದೋಣಿ

ಡಿಸೆಂಬರ್ 30, 2024. ಸೋಮವಾರ. ಎಳ್ಳಮಾವಾಸ್ಯೆ

ಎದ್ದ ತಕ್ಷಣ ಲಂಗರಿನ ಸರಪಳಿ ಮುಟ್ಟಿ ನೋಡಿದೆ. ಬಿಗಿಯಾಗಿದೆ, ದೋಣಿ ಜರುಗಿಲ್ಲ. ಪಾತ್ರೆ ಸಮುದ್ರದ ನೀರಲ್ಲಿ ತೊಳೆದೆ, ಕೊನೆಗೊಂದು ಲೋಟ ಸಿಹಿನೀರು ಹಾಯಿಸಿದೆ. ಚಹಾ. ಎರಡು ಕಡಕ್ ರೊಟ್ಟಿ, ಗುರೆಳ್ಳು ಚಟ್ನಿ. ಎಂಟಕ್ಕೆ ರೇಡಿಯೋ, ಯಾವ ದೋಣಿ ಎಲ್ಲಿದೆ, ಕ್ಷೇಮವೋ ಅಂತ ದಿನಾ ವಿಚಾರಣೆ.

ಈ ರೇಡಿಯೋ ಒಂದು ಕರ್ಮ. ಮನುಷ್ಯರ ಹೆಸರು ಇಲ್ಲಿ ಯಾರಿಗೂ ಬೇಕಿಲ್ಲ. ದೋಣಿಯ ಹೆಸರು ಹಿಡಿದು ಕರೆಯುತ್ತಾರೆ, ದೋಣಿಯ ಹೆಸರಲ್ಲೇ ಓ ಅನ್ನಬೇಕು. ನಮ್ಮ ದೋಣಿಯ ಹೆಸರು ದುರ್ಗಾ.

"ದುರ್ಗಾ, ದುರ್ಗಾ, ದಿಸ್ ಈಸ್ ಮಿರಾಬೆಲ್. ಗುಡ್ ಮಾರ್ನಿಂಗ್, ಮೇಡಂ ದುರ್ಗಾ!"

ಮಿರಾಬೆಲ್ ಅಂದರೆ ಕೊಲ್ಲಿಯ ಆ ಕಡೆ ನಿಂತಿರುವ ಫ್ರಾನ್ಸಿನ ಮುದುಕನ ದೋಣಿ. ಒಬ್ಬನೇ ಇದ್ದಾನೆ. ಪಾಪ, ಅವನ ತಪ್ಪೇನಿಲ್ಲ. ದೇವಿಯ ಹೆಸರು ಅಂದುಕೊಂಡಿದ್ದಾನೆ, ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ದೇವಿಯದಲ್ಲ. ಇವರ ಮೊದಲ ಹೆಂಡತಿಯದು. ಸತ್ತು ಆರು ವರ್ಷ ಆಯಿತು. ದಿನಾ ಬೆಳಿಗ್ಗೆ ಹಲ್ಲು ಕಚ್ಚಿ ಅನ್ನುತ್ತೇನೆ — "ದಿಸ್ ಈಸ್ ದುರ್ಗಾ." ಎಲ್ಲಿದ್ದೇವೆ ಅನ್ನುವುದನ್ನು ಇವರು ಹೇಳುತ್ತಾರೆ.

ನನ್ನ ಹೆಸರು ನಾಗಲಿಂಗಮ್ಮ. ತಂಬ್ರಹಳ್ಳಿಯವಳು. ಇಲ್ಲಾದರೂ ಬರೆದಿಡುತ್ತೇನೆ, ನನಗೇ ಮರೆತುಹೋಗದಿರಲಿ.

ಮಧ್ಯಾಹ್ನ ಸಜ್ಜೆ ಕಡುಬು. ಪುಂಡಿಪಲ್ಯ ಇಲ್ಲ, ಬದಲಿಗೆ ಇಲ್ಲಿಯದೇ ಯಾವುದೋ ಸೊಪ್ಪು. ಭೂಮಿತಾಯಿಗೆ ಎಡೆ ಚೆಲ್ಲಲು ಹೊಲ ಎಲ್ಲಿಂದ ತರೋಣ... ಇವರು ಸಮುದ್ರಕ್ಕೇ ಚರಗ ಚೆಲ್ಲಿದರು. ನಾನು ನಗುತ್ತ ನಿಂತಿದ್ದೆ. ಆಗ ತಮ್ಮ ಊರು ನೆನೆದು ಅಂದರು — "ಉಜ್ಜಿನ್ಯಾಗ ದುರ್ಗಾನೇ ಬುತ್ತಿ ಹೊತ್ಕೊಂಡು ಮುಂದ ನಡೀತಿದ್ಲು."

ನನ್ನ ಪಾಲಿನ ಕಡುಬನ್ನು ಡಬ್ಬಿಗೆ ಹಾಕಿ ಮುಚ್ಚಿದೆ.

ಜನವರಿ 3, 2025. ಶುಕ್ರವಾರ

ಸೊಂಟ ಹಿಡಿದುಕೊಂಡಿದೆ. ಅಡುಗೆ ಕಟ್ಟೆ ನನ್ನ ತೊಡೆಯ ಮಟ್ಟಕ್ಕಿದೆ. ಈರುಳ್ಳಿ ಹೆಚ್ಚಬೇಕಾದರೂ ಬಗ್ಗಬೇಕು. ದೋಣಿ ಅಲುಗಾಡುವಾಗ ಬಗ್ಗಿ ನಿಲ್ಲುವುದು ಏನೆಂದು ಮಾಡಿದವರಿಗೇ ಗೊತ್ತು.

"ಕಟ್ಟಿ ಯಾಕ್ರಿ ಇಷ್ಟು ಗಿಡ್ಡ ಮಾಡೀರಿ?" ಅಂತ ಕೇಳಿದೆ. ಸುಮ್ಮನೆ ಕೇಳಿದ್ದು.

"ದುರ್ಗಾನ ಅಳತಿ ಅದು."

ಇವರು ಇಪ್ಪತ್ತು ವರ್ಷ ದೊಡ್ಡ ಹಡಗುಗಳಲ್ಲಿ ಫಿಟ್ಟರ್ ಆಗಿದ್ದವರು. ಕೊಚ್ಚಿಯಲ್ಲಿ ಯಾರೋ ಬಿಟ್ಟುಹೋಗಿದ್ದ ಈ ಹಳೆಯ ಹಾಯಿದೋಣಿ ಕೊಂಡು, ರಜೆಯಲ್ಲೆಲ್ಲ ಅದರ ರಿಪೇರಿಗೇ ಕೂತರು. ಒಮ್ಮೆ ಊರಿಗೆ ಹೋದಾಗ ದುರ್ಗಾಳನ್ನು ಗೋಡೆಗೆ ನಿಲ್ಲಿಸಿ, ಮೊಣಕೈ ಮಟ್ಟಕ್ಕೆ ಟೇಪು ಹಿಡಿದು, ಅಳತೆ ತೆಗೆದುಕೊಂಡು ಹೋದರಂತೆ. ಅದೇ ಅಳತೆಗೆ ಕಟ್ಟೆ. ಇಷ್ಟೆಲ್ಲ ಆಗಿ ಆ ಮಹಾರಾಯ್ತಿ ಒಂದು ದಿನವೂ ಈ ದೋಣಿ ಹತ್ತಲಿಲ್ಲ. ಹರಪನಹಳ್ಳಿಯ ತವರಿಗೆ ಬಸ್ಸಲ್ಲಿ ಹೋದರೂ ವಾಂತಿ ಮಾಡುತ್ತಿದ್ದಳಂತೆ. ಆಮೇಲೆ ಕಾಯಿಲೆ. ದೋಣಿಗೆ ಅವಳ ಹೆಸರು ಬರೆದು ಫೋಟೋ ತೋರಿಸಿದರಂತೆ. ನೋಡಿ ನಕ್ಕಳಂತೆ. ಸತ್ತಳಂತೆ.

ನಾನೋ ಹಿನ್ನೀರಲ್ಲಿ ಹರಿಗೋಲು ಹಾಕುವವನ ಮಗಳು. ನಡೆಯುವ ಮೊದಲೇ ಈಜಿದವಳು. ನನ್ನ ಮೊಣಕೈಗೆ ಇಲ್ಲಿಯವರೆಗೆ ಯಾರೂ ಟೇಪು ಹಿಡಿದಿಲ್ಲ. ಮದುವೆ ಬ್ಲೌಸನ್ನು ಕೂಡ ಟೇಲರ್ ಹಳೇ ಬ್ಲೌಸ್ ನೋಡಿಯೇ ಹೊಲಿದ.

ಜನವರಿ 8. ಬುಧವಾರ

ಗಾಳಿ ಇಲ್ಲ. ನೀರು ತಿಳಿಯಾಗಿದೆ, ತಳದಲ್ಲಿ ಲಂಗರು ಕಾಣುತ್ತದೆ, ಪಕ್ಕದಲ್ಲೇ ಒಂದು ಹಳದಿ ಮೀನು ಕಾವಲಿಗೆ ನಿಂತ ಹಾಗೆ. ದಂಡೆಯ ಮರಳಿನ ಸಣ್ಣ ನೊಣ ಕಚ್ಚಿ ಕಾಲೆಲ್ಲ ಗಂಧೆ. ಇವರು ಗಾಳ ಹಾಕಿ ಕೂತಿದ್ದರು. ಚೆಂದವೇ ಇದೆ, ಸುಳ್ಳು ಯಾಕೆ ಹೇಳಲಿ.

ಕೊರಳಿನ ಬಿಲ್ಲೆ ಮತ್ತೆ ಕಪ್ಪಾಗಿದೆ. ಉಪ್ಪು ಗಾಳಿಗೆ ಬೆಳ್ಳಿ ತಡೆಯುವುದಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿದೆ. ಯಾರ ಮುಖ ತಿಕ್ಕುತ್ತಿದ್ದೇನೆ ಅನ್ನುವುದು ನೆನಪಾಗಿ ಮೈ ಉರಿಯಿತು.

ಇವರ ಮನೆತನದ ಪದ್ಧತಿ. ಎರಡನೆಯವಳಾಗಿ ಬಂದವಳು ಸತ್ತ ಮೊದಲನೆಯವಳ ಬಿಲ್ಲೆ ಕಟ್ಟಿಕೊಳ್ಳಬೇಕು. ಉಗುರಿನಷ್ಟಗಲ ಬೆಳ್ಳಿ ತಗಡು, ಅದರ ಮೇಲೆ ಹೆಣ್ಣಿನ ಗೊಂಬೆ. ಇಲ್ಲದಿದ್ದರೆ ಸತ್ತವಳು ಮುನಿಯುತ್ತಾಳೆ, ಬಂದವಳ ಸಂಸಾರ ನೆಟ್ಟಗಾಗುವುದಿಲ್ಲ. ತಾಳಿ ಇವರು ಕಟ್ಟಿದರು. ಅದರ ಬೆನ್ನಿಗೇ ಬಿಲ್ಲೆಯನ್ನು ಅತ್ತೆ ಕೆಂಚಕ್ಕ ಕಟ್ಟಿದಳು. "ಆಕಿ ನಿನ್ನ ಅಕ್ಕ ಇದ್ದಂಗ ಯವ್ವಾ. ಹಬ್ಬಕ್ಕ ಮೊದಲ ಆಕಿಗಿ ಸೀರಿ ತೋರ್ಸು, ಆಮ್ಯಾಲೆ ನೀನುಡು" ಅಂದಳು.

ಅಕ್ಕ ಅಂತೆ! ಎದೆಯ ಮೇಲೇ ಸವತಿಯನ್ನು ಕೂರಿಸಿಕೊಂಡು ಎರಡು ವರ್ಷದಿಂದ ಓಡಾಡುತ್ತಿದ್ದೇನೆ. ಬಗ್ಗಿದರೆ ಬಡಿಯುತ್ತಾಳೆ, ಮಲಗಿದರೆ ಗಂಟಲಿಗೆ ಬರುತ್ತಾಳೆ.

ಜನವರಿ 14. ಸಂಕ್ರಾಂತಿ

ಲಂಗರು ಎತ್ತಿ ಬೇರೆ ದ್ವೀಪಕ್ಕೆ ಬಂದೆವು, ಮಿರಾಬೆಲ್ ಕೂಡ ಹಿಂದೆಯೇ ಬಂತು. ಗಾಳಿ ಹದವಾಗಿತ್ತು. ಇವರು ಚುಕ್ಕಾಣಿ ನನ್ನ ಕೈಗೆ ಕೊಟ್ಟು ಮುಂದೆ ಹೋಗಿ ಹಾಯಿ ಎಳೆದರು. ದೋಣಿ ಒಂದು ಪಕ್ಕಕ್ಕೆ ವಾಲಿ ಹೊರಟಿತು ನೋಡಿ — ಇಂಜಿನ್ ಇಲ್ಲ, ಸದ್ದಿಲ್ಲ, ನೀರು ಸೀಳುವ ಸದ್ದು ಒಂದೇ. ಅಪ್ಪ ಇದ್ದು ಇದನ್ನು ನೋಡಬೇಕಿತ್ತು. ನಾನು ಜೋರಾಗಿ ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ. ಇಡೀ ದಿನ ನಾನೇ ನಡೆಸಿದೆ. ಒಮ್ಮೆಯೂ ಹಾಯಿ ಪಟಪಟ ಅನ್ನಲಿಲ್ಲ.

ಸಂಜೆ ಲಂಗರು ಹಾಕಿದ ಮೇಲೆ ಇವರು ದೋಣಿಯ ಅಂಚಿನ ಕಂಬಿ ತಟ್ಟಿ ಅಂದರು — "ಭಾಳ ಚಲೋ ಬಂದ್ಲು ನೋಡು ದುರ್ಗಾ ಇವತ್ತು."

ದೋಣಿಗೆ ಅಂದದ್ದು. ನನಗೂ ಗೊತ್ತು. ಆದರೂ.

ಜನವರಿ 15

ಎಳ್ಳುಬೆಲ್ಲ ಡಬ್ಬಿಯಲ್ಲೇ ಇದೆ.

ಜನವರಿ 24. ಶುಕ್ರವಾರ

ಇವತ್ತು ಆದದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

ನಾವು ಮಲಗುವುದು ಕೌದಿಯ ಮೇಲೆ. ಯಾರು ಹೊಲಿದದ್ದು ಅಂತ ಹೇಳಬೇಕಾಗಿಲ್ಲ. ಕಾಯಿಲೆಯಲ್ಲಿ ಕೂತು ಹೊಲಿದಳಂತೆ, ದೋಣಿಯಲ್ಲಿ ಹಾಸಲಿ ಅಂತ. ಅವಳ ಹಳೇ ಸೀರೆಗಳ ತುಂಡು, ಇವರ ಲುಂಗಿ ತುಂಡು, ಪಕ್ಕಪಕ್ಕದಲ್ಲೇ ಜೋಡಿಸಿದ್ದಾಳೆ. ನಾನು ನನ್ನ ಗಂಡನ ಜೊತೆ ಮಲಗುವುದು ಅವಳ ಸೆರಗಿನ ಮೇಲೆ.

ಬೆಳಿಗ್ಗೆ ಒಣಹಾಕಿದೆ. ಕಂಬಿಗೆ ಹಾಕಿದರೆ ಕ್ಲಿಪ್ ಹಾಕಬೇಕು, ಗಾಳಿ ಇತ್ತು. ಹಾಕಲಿಲ್ಲ. ಗೊತ್ತಿದ್ದೇ ಹಾಕಲಿಲ್ಲ. ಸ್ವಲ್ಪ ಹೊತ್ತಿಗೆ ಧಪ್ ಅಂತ ನೀರಿಗೆ ಬಿತ್ತು. ನಾನು ಈರುಳ್ಳಿ ಹೆಚ್ಚುತ್ತಲೇ ಇದ್ದೆ.

ಇವರು ಇಂಜಿನ್ ಪೆಟ್ಟಿಗೆಯೊಳಗೆ ತಲೆ ಹಾಕಿದ್ದವರು ಎದ್ದು ನೋಡಿದರು. ಚಪ್ಪಲಿ ಕೂಡ ಬಿಚ್ಚಲಿಲ್ಲ, ಹಾರಿದರು! ನೀರು ಕುಡಿದ ಕೌದಿ ಕಲ್ಲಿನ ಹಾಗೆ ಇಳಿಯುತ್ತಿತ್ತು. ಮುಳುಗಿ, ಎದ್ದು, ಮತ್ತೆ ಮುಳುಗಿ ಅಂತೂ ಹಿಡಿದರು. ಮೇಲೆ ಬಂದು ಏದುಸಿರು ಬಿಡುತ್ತ ಅದನ್ನು ಹಿಂಡುತ್ತ ಕೂತರು.

"ನಾನು ಬಿದ್ರೂ ಹಿಂಗ ಹಾರ್ತಿದ್ರೇನ್ರಿ?" ಅಂದೆ.

"ನಿನಗ ಈಜು ಬರ್ತೈತಲ್ಲ" ಅಂದರು.

ಇದೇ ಉತ್ತರ! ನನ್ನ ಹೊಟ್ಟೆಯಲ್ಲಿ ಎಷ್ಟು ಕಿಚ್ಚು ಇದೆ ಅಂದರೆ ಅದರ ಮೇಲೆ ಅನ್ನ ಬೇಯಿಸಬಹುದು. ಗ್ಯಾಸು ಉಳಿದೀತು.

ಫೆಬ್ರವರಿ 9. ಭಾನುವಾರ

ಬಹಳ ದಿನ ಬರೆಯಲಿಲ್ಲ. ಬರೆಯಲು ಕೂತರೆ ಬೈಗುಳವೇ ಬರುತ್ತಿತ್ತು.

ಹ್ಯಾವ್‌ಲಾಕ್ ದ್ವೀಪದ ಜೆಟ್ಟಿಗೆ ಡೀಸೆಲ್, ಈರುಳ್ಳಿ, ಸಿಹಿನೀರು ತರಲು ಹೋದೆವು. ಅಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತದೆ. ಅತ್ತೆಗೆ ಫೋನ್ ಮಾಡಿದೆ. ಆರಾಮಾ ಅಂತ ಒಂದು ಮಾತು, ಉಳಿದದ್ದೆಲ್ಲ ಅವಳದೇ ಪುರಾಣ.

"ಶಿವರಾತ್ರಿ ಮರುದಿನ ಅಮಾಸಿ. ದುರ್ಗಾ ಹೋದ ದಿನ. ಮರೀಬ್ಯಾಡ್ರವ್ವಾ. ಆಕಿಗಿ ಮಿರ್ಚಿ ಮಂಡಕ್ಕಿ ಅಂದ್ರ ಜೀವ. ಎಡಿ ಎರಡನೇದಾಕಿ ಕೈಯಿಂದ ಬಿದ್ರನ ಆಕಿಗಿ ಮುಟ್ತೈತಿ."

ದೋಣಿಗೆ ಬರುವ ದಾರಿಯಲ್ಲಿ ಇವರಿಗೆ ನೇರ ಹೇಳಿದೆ. ಹೆಸರು ಅಳಿಸಿರಿ. ಹೊಸ ಹೆಸರು ಇಡಿರಿ, ನನ್ನದೇ ಇಡಿ ಅನ್ನುವುದಿಲ್ಲ, ಗುಬ್ಬಿ ಅಂತಾದರೂ ಇಡಿ, ಬೆಳಿಗ್ಗೆ ಎದ್ದು ಸವತಿಯ ಹೆಸರಿಗೆ ಓ ಅನ್ನಲು ನನಗೆ ಆಗುವುದಿಲ್ಲ.

"ಕಾಗದದಾಗೆಲ್ಲ ಅದೇ ಹೆಸರೈತಿ ನಾಗಿ."

"ಕಾಗದ ಬದಲಿ ಮಾಡ್ಸಿರಿ."

ಇವರು ಡೀಸೆಲ್ ಕ್ಯಾನು ಇನ್ನೊಂದು ಕೈಗೆ ಬದಲಿಸಿದರು. "ಆಕಿಗಿ ಮಾತು ಕೊಟ್ಟೀನಿ. ಸಾಯೋಕಿಂತ ಮುಂಚಿ."

"ನನಗ ಏನ್ ಕೊಟ್ಟೀರಿ?"

ಸರಿ. ನಾನೂ ಹೇಳಿದೆ. ಅಮಾವಾಸ್ಯೆ ಮುಗಿದ ಮೇಲೆ ಹೆಸರು ಹೋಗಬೇಕು, ಇಲ್ಲ ನಾನು ಚೆನ್ನೈ ಹಡಗು ಹತ್ತುತ್ತೇನೆ. ನಮ್ಮೂರ ಹತ್ತಿರದ ಎಚ್.ಬಿ. ಹಳ್ಳಿಯಲ್ಲಿ ನಾನು ಕೂರುತ್ತಿದ್ದ ಮೊಬೈಲ್ ರೀಚಾರ್ಜ್ ಅಂಗಡಿ ಇನ್ನೂ ಇದೆ. ಕೌಂಟರಿನಲ್ಲಿ ಎಲ್ಲರೂ ನನ್ನನ್ನು ನಾಗಲಿಂಗಮ್ಮ ಅಂತಲೇ ಕರೆಯುತ್ತಾರೆ.

"ಹುಚ್ಚುಚ್ಚಾರ ಮಾತಾಡ್ಬ್ಯಾಡ" ಅಂದರು. ಹುಚ್ಚಲ್ಲ. ಗಂಡ ಅಂದಮೇಲೆ ಪೂರ್ತಿ ಬೇಕು ನನಗೆ. ಅರ್ಧ ನೀರಿನ ಕೆಳಗಿದ್ದರೆ ಹೇಗೆ?

ಫೆಬ್ರವರಿ 19. ಬುಧವಾರ

ಬಿಲ್ಲೆ ಬಿಚ್ಚಿದೆ.

ಅಕ್ಕಿ ಡಬ್ಬಿಯ ತಳಕ್ಕೆ ಹಾಕಿದೆ. ಅಲ್ಲೇ ಬಿದ್ದಿರಲಿ, ನಾನು ತಿನ್ನುವ ಅನ್ನ ಎಣಿಸುತ್ತ. ಕೊರಳು ಹಗುರ ಆಗಿದೆ. ಇವರು ನೋಡಿದರು. ಇಂಜಿನ್ ಒರೆಸಲು ಹೋದರು. ಅದೇ ಹೆಚ್ಚು ಉರಿಯಿತು.

ರೇಡಿಯೋ ಕೂಡ ಬಿಟ್ಟೆ. ಎಂಟಕ್ಕೆ ಇವರೇ ಮಾತಾಡುತ್ತಾರೆ. ಈ ಕೊಲ್ಲಿಯಲ್ಲಿದ್ದೇವೆ, ಇಬ್ಬರಿದ್ದೇವೆ, ಕ್ಷೇಮ ಅಂತ. ಕ್ಷೇಮವಂತೆ!

ಫೆಬ್ರವರಿ 26. ಶಿವರಾತ್ರಿ

ಉಪವಾಸ. ಫ್ರಾನ್ಸಿನ ಮುದುಕ ನಿನ್ನೆ ಲಂಗರು ಎತ್ತಿ ಮುಂದಿನ ಕೊಲ್ಲಿಗೆ ಹೋದ, ಭೂಶಿರದ ಆ ಮಗ್ಗುಲಿಗೆ. ಈಗ ಇಲ್ಲಿ ನಾವಿಬ್ಬರೇ. ಇಬ್ಬರೇ ಅಲ್ಲ, ಮೂವರು.

ಸಂಜೆ ಇವರು ಕೇಳಿದರು. "ನಾಳಿ ಎಡಿ ಇಡ್ತೀಯಲ್ಲ?"

"ಇಡಂಗಿಲ್ಲ."

"ನಾಗಿ, ಒಂದ ದಿನದ ಮಾತು..."

"ವರ್ಷದಾಗ ಒಂದ ದಿನ ಅಲ್ರೀ. ದಿನಾ ಆಕಿದೇ ಎಡಿ ಇಲ್ಲಿ. ಆಕಿ ಕಟ್ಟಿ ಮ್ಯಾಲೆ ಅಡಿಗಿ ಮಾಡ್ತೀನಿ, ಆಕಿ ಕೌದಿ ಮ್ಯಾಲೆ ಮಲಗ್ತೀನಿ, ಆಕಿ ಹೆಸರಿಗಿ ಓ ಅಂತೀನಿ. ಇನ್ನೇನ್ ಬೇಕಂತ ಆಕಿಗಿ? ನನ್ನ ಕೈ ತುತ್ತೂ ಬೇಕೇನು?"

ಇವರಿಗೆ ಸಿಟ್ಟು ಬರುವುದು ಅಪರೂಪ. ಬಂತು. "ಸತ್ತಾಕಿ ಜೋಡಿ ಜಗಳ ಆಡ್ತೀಯಲ್ಲ, ನಿನಗ ನಾಚಿಕಿ ಆಗಂಗಿಲ್ಲೇನು?"

"ಬದುಕಿದ್ರ ಜುಟ್ಟು ಹಿಡೀತಿದ್ದೆ. ಸತ್ತಾಕಿನ್ನ ಏನ್ ಮಾಡ್ಲಿ?"

"ಆತು ಬಿಡು. ನಾನ ಇಡ್ತೀನಿ. ಕಾಯಿ, ಬಾಳಿ ಎಲಿ ನಾನ ತರ್ತೀನಿ."

ತರಲಿ. ಅವಳಿಗಾಗಿ ಈ ಮನುಷ್ಯ ಏನು ಬೇಕಾದರೂ ತರುತ್ತಾನೆ.

ಫೆಬ್ರವರಿ 27. ಅಮಾವಾಸ್ಯೆ. ಮಧ್ಯಾಹ್ನ

ಊಟದ ಹೊತ್ತಿಗೆ ಡಿಂಗಿ ತೆಗೆದುಕೊಂಡು ಆಚೆ ದ್ವೀಪದ ಊರಿಗೆ ಹೋದವರು ಇನ್ನೂ ಬಂದಿಲ್ಲ. ಡಿಂಗಿ ಅಂದರೆ ಗಾಳಿ ತುಂಬಿದ ರಬ್ಬರ್ ದೋಣಿ, ಹಿಂದೆ ಒಂದು ಸಣ್ಣ ಇಂಜಿನ್. ಬೇಗ ಹೋಗಿ ಬೇಗ ಬರುವಷ್ಟೇ ದೂರ.

ಸಮುದ್ರದ ಇಳಿತ ಶುರುವಾಗಿದೆ. ಅಮಾವಾಸ್ಯೆಯ ಇಳಿತ ಜೋರು, ಸರಪಳಿ ಕಿರುಗುಟ್ಟುತ್ತಿದೆ. ನಮ್ಮ ಪಕ್ಕದ ನೀರು ಹೊಳೆಯ ಹಾಗೆ ಹರಿಯುತ್ತಿದೆ.

ತೆಂಗಿನಕಾಯಿಗೆ ಇಷ್ಟು ಹೊತ್ತಾ? ಅವಳಿಗೆ ಚಲೋ ಕಾಯಿಯೇ ಬೇಕಲ್ಲ, ಆರಿಸುತ್ತಿರಬೇಕು.

ದುರ್ಬೀನು ಹಾಕಿ ನೋಡಿದೆ. ಬರುತ್ತಿದ್ದಾರೆ. ಇಲ್ಲ — ಬರುತ್ತಿಲ್ಲ. ಇಂಜಿನ್ ಹಗ್ಗ ಎಳೆಯುತ್ತಿದ್ದಾರೆ... ಮತ್ತೆ ಎಳೆದರು. ಡಿಂಗಿ ಅಡ್ಡ ತಿರುಗಿ

ಫೆಬ್ರವರಿ 28. ಶುಕ್ರವಾರ

ಅಂಗೈಗೆ ಬಟ್ಟೆ ಸುತ್ತಿದೆ. ನಿಧಾನ ಬರೆಯುತ್ತೇನೆ.

ಇಂಜಿನ್ ಹತ್ತಲಿಲ್ಲ. ಹುಟ್ಟು ಹಾಕಿದರು. ಎಷ್ಟು ಹಾಕಿದರೂ ಡಿಂಗಿ ಹಿಂದಕ್ಕೇ ಹೋಗುತ್ತಿತ್ತು, ದ್ವೀಪದಿಂದಲೂ ದೂರ, ನನ್ನಿಂದಲೂ ದೂರ, ಬಯಲು ಸಮುದ್ರದ ಕಡೆ. ಕೂಗಿದೆ. ಕೇಳಿಸುವ ದೂರ ಅಲ್ಲ. ಕೈ ಬೀಸಿದರು. ಹೋಗಿ ಬರುತ್ತೇನೆ ಅನ್ನುವ ಹಾಗೆ ಕಂಡಿತು ನನಗೆ.

ದೋಣಿಯನ್ನೇ ತೆಗೆದುಕೊಂಡು ಹೋಗೋಣ ಅಂತ ದೊಡ್ಡ ಇಂಜಿನ್ ಹಾಕಿದೆ. ಹತ್ತಿತು. ಲಂಗರು ಬರಲಿಲ್ಲ. ತಳದ ಬಂಡೆಗೆ ಸಿಕ್ಕಿಕೊಂಡಿತ್ತು. ಸರಪಳಿ ಹಿಡಿದು ಎಳೆದೆ, ಕಾಲು ಕೊಟ್ಟು ಎಳೆದೆ, ಅಂಗೈ ಚರ್ಮ ಕಿತ್ತುಬಂತು. ಕತ್ತರಿಸಲು ಅದು ಹಗ್ಗವಲ್ಲ. ಈಜಿ ಹೋಗೋಣ ಅಂದರೆ ಆ ಸೆಳೆತಕ್ಕೆ ನಾನೂ ಹೋಗುತ್ತೇನೆ, ಆಮೇಲೆ ಹೇಳುವವರು ಯಾರು?

ಆಗ ಅನ್ನಿಸಿತು. ಅವಳೇ. ಅವಳ ದಿನ, ಅವಳ ಅಮಾವಾಸ್ಯೆ, ಅವಳ ತೆಂಗಿನಕಾಯಿ. ಎಡೆ ಇಡಂಗಿಲ್ಲ ಅಂದೆನಲ್ಲ — ಎಡೆಯ ಬದಲು ಇವರನ್ನೇ ಎಳೆದುಕೊಂಡು ಹೊರಟಿದ್ದಾಳೆ. ಇಷ್ಟು ದಿನ ಅರ್ಧ ಇಟ್ಟುಕೊಂಡಿದ್ದಳು, ಈಗ ಪೂರ್ತಿ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲೂ ನನಗೆ ಮೊದಲು ಬಂದದ್ದು ಹೆದರಿಕೆ ಅಲ್ಲ, ಹೊಟ್ಟೆಕಿಚ್ಚು. ಇನ್ನು ಇಬ್ಬರೂ ಒಂದು ಕಡೆ, ನಾನೊಬ್ಬಳು ಈ ಕಡೆ!

"ಬಿಡಂಗಿಲ್ಲ ಲೇ!" ಅಂತ ಕಿರುಚಿದೆ. ಕೆಳಗಿಳಿದು ಅಕ್ಕಿ ಡಬ್ಬಿ ನೆಲಕ್ಕೆ ಸುರಿದೆ. ಬಿಲ್ಲೆ ಸಿಕ್ಕಿತು. ಮುಷ್ಟಿಯಲ್ಲಿ ಹಿಡಿದು ರೇಡಿಯೋಕ್ಕೆ ಬಾಯಿ ಹಚ್ಚಿದೆ.

"ಹೆಲ್ಪ್ ಹೆಲ್ಪ್. ಮೈ ಹಸ್ಬೆಂಡ್. ಸ್ಮಾಲ್ ಬೋಟ್. ಇಂಜಿನ್ ಆಫ್. ಗೋಯಿಂಗ್ ಸೀ."

ಗರಗರ ಸದ್ದು. ಯಾರೋ ದೂರದವನು. "ಸ್ಟೇಷನ್ ಕಾಲಿಂಗ್, ಸೇ ಯುವರ್ ಬೋಟ್ ನೇಮ್."

"ನಾಗಲಿಂಗಮ್ಮ" ಅಂದೆ.

ಹೌದು, ಹಾಗೇ ಅಂದೆ. ನಾಲಿಗೆಗೆ ಆ ಇನ್ನೊಂದು ಹೆಸರು ಬರಲೇ ಇಲ್ಲ. ಇವರನ್ನು ಕಳೆದುಕೊಳ್ಳುತ್ತಿದ್ದವಳು ನಾನು, ಕೂಗುವವಳೂ ನಾನೇ ಆಗಬೇಕಲ್ಲ?

"ನಾಗ... ರಿಪೀಟ್? ನಾಗ... ನೋ ಸಚ್ ಬೋಟ್ ಹಿಯರ್. ವೇರ್ ಆರ್ ಯು?"

"ಬಿಹೈಂಡ್ ಐಲ್ಯಾಂಡ್" ಅಂದೆ. ಇಲ್ಲಿ ಸುತ್ತಲೂ ದ್ವೀಪಗಳೇ. ಈ ಕೊಲ್ಲಿಗೆ ನಕ್ಷೆಯಲ್ಲಿ ಏನು ಹೆಸರಿದೆಯೋ ಇವರಿಗೆ ಗೊತ್ತು, ನನಗೆ ಗೊತ್ತಿಲ್ಲ. ಇನ್ನೊಬ್ಬ ಬಂದ, ಅವನೂ ಅದನ್ನೇ ಕೇಳಿದ. ಮತ್ತೆ ನಾಗಲಿಂಗಮ್ಮ ಅಂದೆ. ನಾಗಾಲ್ಯಾಂಡ್ ಅಂದುಕೊಂಡನೋ ಏನೋ. ಕಿಟಕಿಯಲ್ಲಿ ನೋಡಿದರೆ ಡಿಂಗಿ ಹುಣಸೆಬೀಜದಷ್ಟು ಆಗಿತ್ತು. ಹೊತ್ತು ಇಳಿಯುತ್ತಿತ್ತು.

ನಾನು ಯಾರು ಅಂತ ಈ ಸಮುದ್ರದಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿರುವುದು ಅವಳೊಬ್ಬಳು. ದಿನಾ ಬೆಳಿಗ್ಗೆ ಎಂಟಕ್ಕೆ ಅವಳು ಎಲ್ಲಿದ್ದಾಳೆ ಅಂತ ಎಲ್ಲರಿಗೂ ಹೇಳಿದ್ದೇವೆ.

ಮುಷ್ಟಿ ಬಿಚ್ಚಿ ಬಿಲ್ಲೆ ನೋಡಿದೆ. ಕಪ್ಪಾಗಿದ್ದಳು. "ಅವರನ್ನ ಕಳ್ಸು. ನಿನ್ನ ಹೆಸರ ಕೂಗ್ತೀನಿ" ಅಂದೆ.

"ದುರ್ಗಾ! ದುರ್ಗಾ! ದುರ್ಗಾ! ದಿಸ್ ಈಸ್ ದುರ್ಗಾ!"

ಗಂಟಲು ಹರಿಯುವ ಹಾಗೆ ಕೂಗಿದೆ. ತಕ್ಷಣ, ಉಸಿರು ಬಿಡುವುದರೊಳಗೆ —

"ದುರ್ಗಾ! ದಿಸ್ ಈಸ್ ಮಿರಾಬೆಲ್. ಮೇಡಂ, ಐ ನೋ ವೇರ್ ಯು ಆರ್. ಐ ಆಮ್ ಕಮಿಂಗ್."

ಮುದುಕ ಭೂಶಿರದ ಆ ಮಗ್ಗುಲಲ್ಲೇ ಇದ್ದನಲ್ಲ. ಇಳಿತ ಡಿಂಗಿಯನ್ನು ಅದೇ ಕಡೆ ಒಯ್ಯುತ್ತಿತ್ತು. ಹೊತ್ತು ಮುಳುಗುವ ಹೊತ್ತಿಗೆ ಮಿರಾಬೆಲ್ ತಿರುಗಿ ಬಂತು, ಹಿಂದೆ ಹಗ್ಗಕ್ಕೆ ಕಟ್ಟಿದ ಡಿಂಗಿ, ಮೇಲ್ಹಲಗೆಯ ಮೇಲೆ ಇವರು ಕೂತಿದ್ದರು. ತೊಡೆಯ ಮೇಲೆ ಚೀಲ. ಚೀಲದಲ್ಲಿ ತೆಂಗಿನಕಾಯಿ ಹಾಗೇ ಇತ್ತು. ಬಾಳೆ ಎಲೆ ಹರಿದಿತ್ತು.

ನಾನು ಅಳಲಿಲ್ಲ. ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಮುದುಕನಿಗೆ ಕನ್ನಡ ಬರುವುದಿಲ್ಲ, ಆದರೂ ತಿರುಗಿ ಕೂತ. ಇವರು ಬೈಸಿಕೊಂಡರು. ಆಮೇಲೆ ಜೇಬಿನಿಂದ ಸಣ್ಣ ಕೈರೇಡಿಯೋ ತೆಗೆದು ತೋರಿಸಿದರು.

"ಬ್ಯಾಟ್ರಿ ಕಡಿಮಿ ಇತ್ತು. ಮಾತಾಡಾಕ ಆಗ್ಲಿಲ್ಲ. ಕೇಳಾಕ ಬರ್ತಿತ್ತು."

"ಏನ್ ಕೇಳಿದ್ರಿ?"

"ಎಲ್ಲಾ. ಮೊದಲು ನಿನ್ನ ಹೆಸರು ಕೇಳ್ದೆ. ಎರಡು ಸಲ. ಈ ಹುಡುಗಿ ಸೆಟಗೊಂಡು ನನ್ನ ಸಾಯಿಸ್ತಾಳ ಅಂದ್ಕೊಂಡೆ. ಆಮ್ಯಾಲೆ ಆಕಿ ಹೆಸರು ಕೇಳ್ದೆ, ನಿನ್ನ ಬಾಯಾಗ... ಬದುಕ್ದೆ ಅಂದ್ಕೊಂಡೆ."

ಅಮಾವಾಸ್ಯೆ ಇನ್ನೂ ಮುಗಿದಿರಲಿಲ್ಲ. ಮಂಡಕ್ಕಿ ಮೆತ್ತಗಾಗಿತ್ತು, ಬಾಣಲೆಯಲ್ಲಿ ಹುರಿದೆ. ಬಟ್ಟೆ ಸುತ್ತಿದ ಕೈಯಲ್ಲೇ ಮೆಣಸಿನಕಾಯಿ ಅದ್ದಿ ಮಿರ್ಚಿ ಬಿಟ್ಟೆ, ಹರಿದ ಎಲೆಯ ಮೇಲೆ ಎಡೆ ಹಾಕಿದೆ. ಕಾಯಿ ನಾನೇ ಒಡೆದೆ. ಬಿಲ್ಲೆ ತಿಕ್ಕಿ ಎಲೆಯ ಮುಂದಿಟ್ಟೆ. ಮುದುಕ ನಾಲ್ಕು ಮಿರ್ಚಿ ತಿಂದು ಕಣ್ಣಲ್ಲಿ ನೀರು ಹಾಕಿಕೊಂಡು ಇನ್ನೂ ಎರಡು ಕೇಳಿದ.

ಮಾರ್ಚ್ 2. ಭಾನುವಾರ

ಚೆನ್ನೈ ಹಡಗಿನ ಮಾತು ನಾನು ಎತ್ತಲಿಲ್ಲ. ಇವರೇ ಎತ್ತಿದರು.

"ಅಮಾಸಿ ಆತು. ನೀ ಹೇಳ್ದಂಗ ಹೆಸರು ಅಳಿಸ್ತೀನಿ. ಮಾತು ತಪ್ಪಿದಂಗಾಗ್ತೈತಿ, ಆಗ್ಲಿ. ನಾಗಲಿಂಗಮ್ಮ ಅಂತ ಬರೀತೀನಿ, ದಪ್ಪ ಅಕ್ಷರದಾಗ. ನೀ ಹೋಗಬ್ಯಾಡ."

ಬಣ್ಣದ ಡಬ್ಬಿ, ಉಜ್ಜುವ ಕಾಗದ ಎಲ್ಲ ತೆಗೆದಿಟ್ಟಿದ್ದರು. ಎರಡು ವರ್ಷ ಕಾದ ಮಾತು ಇದು. ಕೇಳಿದ ಕೂಡಲೇ ಕುಣಿಯಬೇಕಿತ್ತು.

"ಬ್ಯಾಡ" ಅಂದೆ.

"ಯಾಕ?"

"ನಾಗಲಿಂಗಮ್ಮ ಅಂತ ರೇಡಿಯೋದಾಗ ಮೂರು ಸಲ ಕೂಗೋದ್ರಾಗ ಮನುಷ್ಯಾ ಮುಳುಗಿರ್ತಾನ."

ನಗಬಹುದು ಅಂದುಕೊಂಡೆ. ನಗಲಿಲ್ಲ. ನನ್ನ ಅಂಗೈ ಹಿಡಿದು ಬಟ್ಟೆ ಬಿಚ್ಚಿ, ಮುಲಾಮು ಹಚ್ಚಿ, ಬೇರೆ ಬಟ್ಟೆ ಸುತ್ತಿದರು. ಬಹಳ ಹೊತ್ತು ಸುತ್ತಿದರು. ಬಣ್ಣದ ಡಬ್ಬಿ ಮತ್ತೆ ಒಳಗೆ ಹೋಯಿತು.

ಬಿಲ್ಲೆ ಕಟ್ಟಿಕೊಂಡಿದ್ದೇನೆ. ದಾರ ಗಿಡ್ಡ ಮಾಡಿದೆ, ಇನ್ನು ಬಡಿಯುವುದಿಲ್ಲ. ಕಿಚ್ಚು ಆರಿಲ್ಲ ಲೇ ದುರ್ಗಾ, ತಿಳಿದುಕೋ. ಕೌದಿಯ ಮೇಲೆ ನನ್ನ ಹಸಿರು ಸೀರೆಯದೊಂದು ತುಂಡು ಹಚ್ಚುತ್ತೇನೆ, ಇವರ ಲುಂಗಿಯ ಪಕ್ಕದಲ್ಲೇ. ನೀನು ಸ್ವಲ್ಪ ಸರಿದುಕೋ. ಆದರೆ ಕರೆದಾಗ ನೀನು ಬಂದೆ. ಅದು ಸುಳ್ಳಲ್ಲ.

ಮಾರ್ಚ್ 4. ಮಂಗಳವಾರ. ಬೆಳಿಗ್ಗೆ

ಚಹಾ ಮಾಡಲು ಹೋದರೆ ಇವರು ಒಲೆಯ ಮುಂದೆ ನಿಂತಿದ್ದಾರೆ, ಕೈಯಲ್ಲಿ ಟೇಪು.

"ನೆಟ್ಟಗ ನಿಂದ್ರು."

"ಯಾಕ್ರಿ?"

"ನಿಂದ್ರು ಅಂದ್ರ ನಿಂದ್ರು."

ನೆಲದಿಂದ ಮೊಣಕೈವರೆಗೆ ಟೇಪು ಹಿಡಿದರು. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಗೋಡೆಯ ಹಲಗೆಯ ಮೇಲೆ ಗೀಟು ಎಳೆದರು. ಹಳೇ ಕಟ್ಟೆಗಿಂತ ಗೇಣು ಮೇಲೆ. ನಾನು ಕದಲಲಿಲ್ಲ. ಅಳತೆ ಮುಗಿದ ಮೇಲೂ ನಿಂತೇ ಇದ್ದೆ.

"ಆತು, ಹೋಗು" ಅಂದರು.

"ಇನ್ನೊಂದ್ಸಲ ಹಿಡೀರಿ. ಸರಿ ಐತೋ ಇಲ್ಲೋ" ಅಂದೆ.

ಹಿಡಿದರು.

ಈಗ ಹಳೇ ಹಲಗೆ ಕೀಳುತ್ತಿದ್ದಾರೆ. ಗರಗಸದ ಪುಡಿ ಚಹಾದೊಳಗೆ ಬೀಳುತ್ತಿದೆ. ಆ ಹಲಗೆ ಎಸೆಯಬೇಡಿ, ಲಂಗರಿನ ಹತ್ತಿರ ಕೂರಲು ಮಣೆ ಮಾಡಿಕೊಡಿ ಅಂತ ಹೇಳಿದ್ದೇನೆ. ಎಂಟಾಯಿತು. ಇವರು ಎರಡೂ ಕೈಯಲ್ಲಿ ಹಲಗೆ ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದಾರೆ. ರೇಡಿಯೋ ಕೂಗುತ್ತಿದೆ — ದುರ್ಗಾ, ದುರ್ಗಾ... ಮುದುಕನೇ ಇರಬೇಕು. ನನ್ನನ್ನೇ ಕರೆಯುತ್ತಿದ್ದಾನೆ. ಓ ಅಂದು ಬರುತ್ತೇನೆ.